ಗ್ರಂಥಾಗ್ರವೂ ಉಲ್ಲೇಖಗಣನೆಯೂ: ವಿದ್ವತ್ತಿನ ಅಳತೆಯ ಒಂದು ಪರಾಮರ್ಶೆ

ಹಸ್ತಪ್ರತಿಯ ಕೊನೆಯಲ್ಲಿ ಗ್ರಂಥಾಗ್ರವನ್ನು ನಮೂದಿಸುವ ಪದ್ಧತಿ ಜೈನ ಶಾಸ್ತ್ರಭಂಡಾರಗಳ ಪರಿಚಯವುಳ್ಳವರಿಗೆಲ್ಲ ತಿಳಿದುದೇ ಆಗಿದೆ. ಮೂವತ್ತೆರಡು ಅಕ್ಷರಗಳನ್ನು ಒಂದು ಗ್ರಂಥವೆಂದು ಎಣಿಸಿ, ಕೃತಿಯು ಗದ್ಯವಾಗಿರಲಿ ಪದ್ಯವಾಗಿರಲಿ ಅದರ ಒಟ್ಟು ಪರಿಮಾಣವನ್ನು ಆ ಮಾನದಿಂದ ಹೇಳುವುದು ರೂಢಿ. ಧವಲಾ ಟೀಕೆಯು ೭೨,೦೦೦ ಗ್ರಂಥಪರಿಮಾಣವುಳ್ಳದ್ದೆಂದೂ, ಜಯಧವಲೆಯಲ್ಲಿ ವೀರಸೇನಾಚಾರ್ಯರು ರಚಿಸಿದ ಭಾಗ ೨೦,೦೦೦, ಅವರ ಶಿಷ್ಯರಾದ ಜಿನಸೇನಾಚಾರ್ಯರು ಪೂರೈಸಿದ ಭಾಗ ೪೦,೦೦೦ ಎಂದೂ ಇಂದ್ರನಂದಿಯ ಶ್ರುತಾವತಾರದಿಂದ ತಿಳಿದುಬರುತ್ತದೆ. ಈ ಎಣಿಕೆಗೆ ಎರಡು ಪ್ರಯೋಜನಗಳಿದ್ದುವು. ಲಿಪಿಕಾರನಿಗೆ ಸಲ್ಲಬೇಕಾದ ಕೂಲಿಯನ್ನು ನಿಶ್ಚಯಿಸುವುದು ಒಂದು. ಪ್ರತಿಯಲ್ಲಿ ಗ್ರಂಥಪಾತವಾಗಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುವುದು ಮತ್ತೊಂದು. ಅದಕ್ಕೂ ಮೀರಿದ ಅಧಿಕಾರವನ್ನು ಆ ಸಂಖ್ಯೆಗೆ ಪೂರ್ವಿಕರು ಕೊಡಲಿಲ್ಲ. ಸಮಂತಭದ್ರಾಚಾರ್ಯರ ಆಪ್ತಮೀಮಾಂಸೆಯಲ್ಲಿ ಇರುವುದು ೧೧೪ ಕಾರಿಕೆಗಳು ಮಾತ್ರ. ಅದರ ಮೇಲೆ ಅಕಲಂಕದೇವರು ಅಷ್ಟಶತಿಯನ್ನೂ, ಅದನ್ನು ಒಳಗೊಂಡು ವಿದ್ಯಾನಂದರು ಅಷ್ಟಸಹಸ್ರಿಯನ್ನೂ ರಚಿಸಿದರು. ನೂರು, ಎಂಟುನೂರು, ಎಂಟುಸಾವಿರ ಎಂದು ಪರಿಮಾಣ ಬೆಳೆಯಿತೆಂದು ಮೂಲಕಾರರಿಗಿಂತ ಟೀಕಾಕಾರರು ಎಂಬತ್ತು ಪಾಲು ದೊಡ್ಡವರೆಂದು ಯಾರೂ ಹೇಳಲಿಲ್ಲ; ವಿದ್ಯಾನಂದರಂತೂ ಖಂಡಿತವಾಗಿ ಹೇಳಲಿಲ್ಲ.

ಇಂದು ವಿಶ್ವವಿದ್ಯಾನಿಲಯಗಳಲ್ಲಿಯೂ ಸಂಶೋಧನ ಸಂಸ್ಥೆಗಳಲ್ಲಿಯೂ ಒಬ್ಬ ವಿದ್ವಾಂಸನ ಯೋಗ್ಯತೆಯನ್ನು ಸಂಖ್ಯೆಗಳಿಂದ ನಿರ್ಣಯಿಸುವ ಕ್ರಮ ಬೇರೂರಿದೆ. ಪ್ರಕಟವಾದ ಲೇಖನಗಳೆಷ್ಟು, ಅವನೊಡನೆ ಕೂಡಿ ಬರೆದವರೆಷ್ಟು ಮಂದಿ, ಅವನ ಬರಹವನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬ ಮೂರು ಪ್ರಶ್ನೆಗಳಿಗೆ ದೊರೆಯುವ ಅಂಕಿಗಳೇ ಅವನ ಪರಿಚಯಪತ್ರವಾಗಿವೆ. ಭೌತವಿಜ್ಞಾನಾದಿಗಳಲ್ಲಿ ಈ ಕ್ರಮ ಎಷ್ಟು ಸಾಧುವೆಂಬುದನ್ನು ಆ ಶಾಸ್ತ್ರದವರು ವಿಚಾರಿಸಲಿ. ಹಸ್ತಪ್ರತಿಶಾಸ್ತ್ರಕ್ಕೆ, ಅದರಲ್ಲಿಯೂ ಪ್ರಾಚೀನ ಜೈನ ಗ್ರಂಥಗಳ ಸಂಪಾದನೆಗೆ ಇದನ್ನು ಅನ್ವಯಿಸಿದಾಗ ಏನಾಗುತ್ತದೆಂಬುದು ಇಲ್ಲಿ ಪರಾಮರ್ಶನೀಯವಾದ ವಿಷಯ.

೧. ಎಣಿಕೆಯ ಮೂಲೋದ್ದೇಶ

ಉಲ್ಲೇಖಗಳನ್ನು ಎಣಿಸುವ ಪದ್ಧತಿಯ ಇತಿಹಾಸವನ್ನು ನೋಡಿದರೆ, ಗ್ರಂಥಾಗ್ರದಂತೆ ಅದೂ ಮೊದಲಿಗೆ ಸೀಮಿತವಾದ ಪ್ರಯೋಜನಕ್ಕಾಗಿ ಹುಟ್ಟಿದ್ದೆಂಬುದು ಸ್ಪಷ್ಟವಾಗುತ್ತದೆ. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಫ್ರಾಂಕ್ ಶೆಪರ್ಡ್ ಎಂಬವರು ೧೮೭೩ರಲ್ಲಿ ನ್ಯಾಯಾಲಯದ ತೀರ್ಪುಗಳ ಉಲ್ಲೇಖಸೂಚಿಯನ್ನು ಆರಂಭಿಸಿದರು. ಒಂದು ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂಬುದನ್ನು ವಕೀಲರಿಗೆ ತಿಳಿಸುವುದು ಅದರ ಉದ್ದೇಶವಾಗಿತ್ತು. ಆ ಸೂಚಿಯ ಪದ್ಧತಿಯಲ್ಲಿ, ಉಲ್ಲೇಖಿಸಿದವರು ಹಿಂದಿನ ತೀರ್ಪನ್ನು ಅನುಸರಿಸಿದರೋ, ಅದು ಬೇರೆ ಸಂದರ್ಭದ್ದೆಂದು ಬದಿಗಿಟ್ಟರೋ, ತಳ್ಳಿಹಾಕಿದರೋ ಎಂಬುದಕ್ಕೆ ಪ್ರತ್ಯೇಕ ಸಂಕೇತಗಳುಂಟು.

೧೯೨೭ರಲ್ಲಿ ಗ್ರಾಸ್ ಮತ್ತು ಗ್ರಾಸ್ ಎಂಬಿಬ್ಬರು ಅಮೆರಿಕದ ರಸಾಯನಶಾಸ್ತ್ರ ಪತ್ರಿಕೆಯೊಂದರ ಅಡಿಟಿಪ್ಪಣಿಗಳನ್ನು ಎಣಿಸಿದರು. ಹಣದ ಕೊರತೆಯುಳ್ಳ ಸಣ್ಣ ಕಾಲೇಜಿನ ಗ್ರಂಥಾಲಯ ಯಾವ ಪತ್ರಿಕೆಗಳನ್ನು ತರಿಸಬೇಕೆಂಬುದನ್ನು ನಿರ್ಧರಿಸುವುದಕ್ಕಾಗಿ ಅವರು ಹಾಗೆ ಮಾಡಿದರು. ೧೯೪೮ರಲ್ಲಿ ಎಸ್. ಆರ್. ರಂಗನಾಥನ್ ಅವರು ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ 'ಲಿಬ್ರಮೆಟ್ರಿ' ಎಂಬ ಹೊಸ ಹೆಸರನ್ನು ಸೂಚಿಸಿದಾಗ ಅವರ ಮನಸ್ಸಿನಲ್ಲಿದ್ದುದು ಗ್ರಂಥಾಲಯದ ಸೇವೆಯನ್ನು ಗಣಿತದ ನೆರವಿನಿಂದ ಸುಧಾರಿಸುವ ವಿಚಾರ. ಯೂಜೀನ್ ಗಾರ್ಫೀಲ್ಡ್ ಅವರು ೧೯೫೫ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವಿಜ್ಞಾನಕ್ಕೂ ಉಲ್ಲೇಖಸೂಚಿ ಬೇಕೆಂದು ವಾದಿಸಿದರು. ಶೆಪರ್ಡರ ಸೂಚಿಯೇ ಅವರಿಗೆ ಮಾದರಿ. ಹಳೆಯ ಲೇಖನವೊಂದರ ಮೇಲೆ ಬಂದ ಆಕ್ಷೇಪಗಳನ್ನು ವಾಚಕನು ಸುಲಭವಾಗಿ ಕಾಣುವಂತಾಗಬೇಕು, ದೋಷಯುಕ್ತವಾದುದನ್ನು ಪರಿಶೀಲಿಸದೆ ಉದ್ಧರಿಸುವುದು ನಿಲ್ಲಬೇಕು ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದಾಗಿತ್ತು. ೧೯೬೦ರ ದಶಕದ ಆರಂಭದಲ್ಲಿ ವಿಜ್ಞಾನದ ಸೂಚಿಯೂ, ೧೯೭೮ರಲ್ಲಿ ಕಲೆ ಮತ್ತು ಮಾನವಿಕಗಳ ಸೂಚಿಯೂ ಹೊರಬಂದುವು.

ಸೂಚಿಯು ಮಾಪಕವಾಗಿ ಮಾರ್ಪಟ್ಟುದು ಅನಂತರದ ಕಥೆ. ೨೦೦೫ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಅವರು ಎಚ್-ಸೂಚ್ಯಂಕವನ್ನು ಪ್ರತಿಪಾದಿಸಿದರು. ಒಬ್ಬನ ಹತ್ತು ಲೇಖನಗಳು ಪ್ರತಿಯೊಂದೂ ಕನಿಷ್ಠ ಹತ್ತು ಬಾರಿ ಉಲ್ಲೇಖಗೊಂಡಿದ್ದು, ಹನ್ನೊಂದು ಲೇಖನಗಳಿಗೆ ಹನ್ನೊಂದರಂತೆ ದೊರೆಯದಿದ್ದರೆ ಅವನ ಸೂಚ್ಯಂಕ ಹತ್ತು. ಈ ಲೆಕ್ಕದ ಗುಣವೂ ದೋಷವೂ ಒಂದೇ: ಸೂಚ್ಯಂಕವು ಕೃತಿಗಳ ಸಂಖ್ಯೆಯನ್ನು ಎಂದಿಗೂ ಮೀರಲಾರದು. ಒಂದೇ ಗ್ರಂಥವನ್ನು ಬರೆದು ಸಾವಿರ ಸಲ ಉಲ್ಲೇಖಗೊಂಡವನ ಸೂಚ್ಯಂಕ ಒಂದು. ಸಮಂತಭದ್ರಾಚಾರ್ಯರ ಹೆಸರಿನಲ್ಲಿ ಉಪಲಬ್ಧವಿರುವ ಆಪ್ತಮೀಮಾಂಸೆ, ಯುಕ್ತ್ಯನುಶಾಸನ, ಸ್ವಯಂಭೂಸ್ತೋತ್ರ, ಸ್ತುತಿವಿದ್ಯೆ, ರತ್ನಕರಂಡಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅವರ ಸೂಚ್ಯಂಕ ಐದನ್ನು ದಾಟುವುದಿಲ್ಲ. ಒಂದು ಸಂಖ್ಯೆಯಿಂದ ಒಬ್ಬ ವ್ಯಕ್ತಿಯ ಬಹುಮುಖವಾದ ಕಾರ್ಯದ ಸ್ಥೂಲ ಅಂದಾಜಷ್ಟೇ ದೊರೆಯುತ್ತದೆಂದು ಹಿರ್ಷ್ ಅವರೇ ಎಚ್ಚರಿಸಿದ್ದಾರೆ. ಮಾಪಕವನ್ನು ಸ್ವೀಕರಿಸಿದವರು ಆ ಎಚ್ಚರಿಕೆಯನ್ನು ಮಾತ್ರ ಸ್ವೀಕರಿಸಲಿಲ್ಲ.

೨. ಉಲ್ಲೇಖದ ಎಣಿಕೆ, ಉಲ್ಲೇಖದ ತೂಕ

ಉಲ್ಲೇಖವೆಂಬುದು ಹಸ್ತಪ್ರತಿಶಾಸ್ತ್ರಕ್ಕೆ ಹೊಸದಲ್ಲ. ಕವಿಗಳ ಕಾಲನಿರ್ಣಯ, ಕರ್ತೃತ್ವನಿರ್ಣಯ, ಪಾಠನಿರ್ಣಯ ಇವೆಲ್ಲವೂ ಬಹುಮಟ್ಟಿಗೆ ಉಲ್ಲೇಖಗಳನ್ನೇ ಅವಲಂಬಿಸಿವೆ. ಆದರೆ ಇಲ್ಲಿ ಉಲ್ಲೇಖವೆಂದರೆ ಒಂದು ಸಾಕ್ಷ್ಯ, ಅದನ್ನು ಪರೀಕ್ಷಿಸಬೇಕಾಗುತ್ತದೆ. ವರಾಂಗಚರಿತದ ಪ್ರಸಂಗ ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಪುನ್ನಾಟ ಸಂಘದ ಜಿನಸೇನರು ೭೮೩ರ ತಮ್ಮ ಹರಿವಂಶಪುರಾಣದಲ್ಲಿ ವರಾಂಗಚರಿತವನ್ನು ಕೊಂಡಾಡಿದ್ದರೂ ಅದರ ಕವಿ ಯಾರೆಂಬುದನ್ನು ಅಲ್ಲಿ ಬಿಡಿಸಿ ಹೇಳಿಲ್ಲ. ಪಕ್ಕದಲ್ಲಿಯೇ ಪದ್ಮಚರಿತದ ರವಿಷೇಣರ ಪ್ರಶಂಸೆ ಇರುವುದರಿಂದ ಎರಡೂ ಅವರದೇ ಎಂಬ ಊಹೆಗೆ ಎಡೆಯಾಯಿತು. ಡಾ॥ ಆ. ನೇ. ಉಪಾಧ್ಯೆಯವರು ಕೊಲ್ಲಾಪುರದ ಲಕ್ಷ್ಮೀಸೇನ ಮಠದ ತಾಡಪತ್ರ ಪ್ರತಿಯಿಂದ ಈ ಕಾವ್ಯವನ್ನು ಬೆಳಕಿಗೆ ತಂದು, ೧೯೩೮ರಲ್ಲಿ ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆಯಲ್ಲಿ ಸಂಪಾದಿಸಿ ಪ್ರಕಟಿಸಿದರು. ಕರ್ತೃತ್ವವನ್ನು ನಿರ್ಣಯಿಸುವಾಗ ಅವರ ಮುಂದೆ ಅನೇಕ ಉಲ್ಲೇಖಗಳಿದ್ದುವು. ಆದಿಪುರಾಣದ ಜಿನಸೇನರು ಜಟಾಚಾರ್ಯರನ್ನು ಸ್ಮರಿಸಿದ್ದಾರೆ. ಕನ್ನಡದಲ್ಲಿ ಪಂಪ, ನಯಸೇನ, ಜನ್ನ ಮೊದಲಾದ ಕವಿಗಳ ಪೂರ್ವಸೂರಿಸ್ಮರಣೆಯಲ್ಲಿಯೂ ಆ ಹೆಸರು ಬರುತ್ತದೆ. ಕೊಪ್ಪಳದ ಬೆಟ್ಟದ ಮೇಲೆ ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನು ಮಾಡಿಸಿದನೆಂದು ತಿಳಿಸುವ ಶಾಸನವಿದೆ.

ಕೇವಲ ಎಣಿಕೆಯ ದೃಷ್ಟಿಯಿಂದ ಕನ್ನಡ ಕವಿಗಳ ಸ್ಮರಣೆಗಳೇ ಹೆಚ್ಚು. ಆದರೆ ಪೂರ್ವಸೂರಿಸ್ಮರಣೆಯು ಕಾವ್ಯಾರಂಭದ ಒಂದು ಸಂಪ್ರದಾಯ. ಒಬ್ಬರನ್ನು ನೋಡಿ ಮತ್ತೊಬ್ಬರು ಸ್ಮರಿಸಿರುವ ಸಂಭವವುಂಟು. ಅವುಗಳಿಂದ ಆಚಾರ್ಯರ ಕೀರ್ತಿ ಸಿದ್ಧವಾಗುತ್ತದೆ, ಈ ಕಾವ್ಯದ ಕರ್ತೃತ್ವ ಸಿದ್ಧವಾಗುವುದಿಲ್ಲ. ನಿರ್ಣಾಯಕವಾದುದು ಬೇರೆ ಬಗೆಯ ಸಾಕ್ಷ್ಯ. ಉದ್ದ್ಯೋತನಸೂರಿಯ ಕುವಲಯಮಾಲೆಯ ಒಂದೇ ಗಾಹೆಯಲ್ಲಿ ವರಾಂಗ ಮತ್ತು ಪದ್ಮಚರಿತಗಳೆರಡೂ, ಜಟಿಲ ಮತ್ತು ರವಿಷೇಣರೆಂಬ ಇಬ್ಬರು ಕವಿಗಳ ಹೆಸರೂ ಒಟ್ಟಿಗೆ ಬಂದಿವೆ. ೭೭೯ರ ಆ ಗಾಹೆಯಿಂದ ಕೃತಿಗೂ ಕವಿಗೂ ಸಂಬಂಧ ಕೂಡಿತು, ಊಹೆ ಬಿದ್ದುಹೋಯಿತು. ಚಾವುಂಡರಾಯನು ಜಟಾಸಿಂಹನಂದ್ಯಾಚಾರ್ಯರದೆಂದು ಹೇಳಿ ಉದ್ಧರಿಸಿದ ವೃತ್ತವೊಂದು ಇದೇ ಕಾವ್ಯದಲ್ಲಿ ದೊರೆತುದು ಆ ನಿರ್ಣಯಕ್ಕೆ ಬಲಕೊಟ್ಟಿತು. ಹತ್ತು ಸ್ಮರಣೆಗಳು ಮಾಡಲಾರದುದನ್ನು ಒಂದು ಗಾಹೆ ಮಾಡಿತು. ಉಲ್ಲೇಖಗಣನೆಯ ಯಂತ್ರಕ್ಕೆ ಹತ್ತು ಯಾವಾಗಲೂ ಒಂದಕ್ಕಿಂತ ದೊಡ್ಡದು.

ಎಣಿಕೆಯ ಎರಡನೆಯ ದೋಷ ಪೂರ್ವಪಕ್ಷಕ್ಕೆ ಸಂಬಂಧಿಸಿದ್ದು. ಅಕಲಂಕದೇವರ ಗ್ರಂಥಗಳಲ್ಲಿ ಧರ್ಮಕೀರ್ತಿಯ ಮತ ಪುನಃಪುನಃ ಬರುತ್ತದೆ. ಅಷ್ಟಸಹಸ್ರಿಯಲ್ಲಿ ಮೀಮಾಂಸಕರ ಹಾಗೂ ಬೌದ್ಧರ ವಾದಗಳಿಗೆ ಪುಟಗಟ್ಟಲೆ ಸ್ಥಳವುಂಟು. ಅವೆಲ್ಲವೂ ನಿರಾಕರಣಕ್ಕಾಗಿ ತಂದುವು. ನ್ಯಾಯಗ್ರಂಥವನ್ನು ಓದಬಲ್ಲ ವಿದ್ಯಾರ್ಥಿಗೆ ಪೂರ್ವಪಕ್ಷ ಯಾವುದು, ಸಿದ್ಧಾಂತ ಯಾವುದು ಎಂಬುದು ಮೊದಲ ಪಾಠ. ಇಂದಿನ ಗಣನೆಗೆ ಆ ವಿವೇಕವಿಲ್ಲ. ಖಂಡಿಸಲ್ಪಟ್ಟ ಲೇಖನಕ್ಕೂ ಸಮರ್ಥಿಸಲ್ಪಟ್ಟ ಲೇಖನಕ್ಕೂ ಒಂದೊಂದೇ ಅಂಕ. ಶೆಪರ್ಡರ ಸೂಚಿಯಲ್ಲಿದ್ದ ಸಂಕೇತಗಳು ಇಲ್ಲಿ ಮಾಯವಾಗಿವೆ. ಮಾದರಿಯಿಂದ ಸುಲಭವಾದುದನ್ನು ತೆಗೆದುಕೊಂಡು, ಸಾರವಾದುದನ್ನು ಬಿಟ್ಟಂತಾಯಿತು.

೩. ಸಹಕಾರದ ಲೆಕ್ಕ

ವಿದ್ವಾಂಸರ ಸಹಕಾರವನ್ನು ಅಳೆಯಬೇಕೆಂದರೆ ಷಟ್ಖಂಡಾಗಮದ ಪ್ರಕಾಶನಕ್ಕಿಂತ ದೊಡ್ಡ ದೃಷ್ಟಾಂತ ಜೈನ ಸಾಹಿತ್ಯದ ಆಧುನಿಕ ಇತಿಹಾಸದಲ್ಲಿ ದೊರೆಯಲಾರದು. ಧವಲೆಯ ಪ್ರಾಚೀನ ತಾಡಪತ್ರ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದ್ರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದುವು. ಅವುಗಳಿಂದ ಕನ್ನಡ, ನಾಗರೀ ಲಿಪಿಗಳ ಪ್ರತಿಗಳಾಗಿ, ಆ ಪ್ರತಿಗಳಿಂದ ಬೇರೆ ಪ್ರತಿಗಳಾಗಿ ಉತ್ತರಭಾರತವನ್ನು ಮುಟ್ಟಿದುವು. ಡಾ॥ ಹೀರಾಲಾಲ ಜೈನರ ಪ್ರಧಾನ ಸಂಪಾದಕತ್ವದಲ್ಲಿ ೧೯೩೯ರಲ್ಲಿ ಅಮರಾವತಿಯಿಂದ ಮೊದಲ ಸಂಪುಟ ಪ್ರಕಟವಾಯಿತು. ಸುಮಾರು ಎರಡು ದಶಕಗಳಲ್ಲಿ ಹದಿನಾರು ಸಂಪುಟಗಳು ಪೂರ್ಣಗೊಂಡುವು. ಪಂಡಿತ ಫೂಲಚಂದ್ರ, ಪಂಡಿತ ಹೀರಾಲಾಲ, ಪಂಡಿತ ಬಾಲಚಂದ್ರ ಶಾಸ್ತ್ರಿಗಳು ಈ ಕಾರ್ಯದಲ್ಲಿ ಭಾಗಿಗಳು. ಡಾ॥ ಉಪಾಧ್ಯೆಯವರ ಸಹಾಯ ಸಂಶೋಧನದಲ್ಲಿ ದೊರೆಯಿತು. ಧವಲೆಯ ಗಣಿತಭಾಗವನ್ನು ಕುರಿತು ಲಖನೌ ವಿಶ್ವವಿದ್ಯಾನಿಲಯದ ಡಾ॥ ಅವಧೇಶ ನಾರಾಯಣ ಸಿಂಹರು ೧೯೪೨ರ ನಾಲ್ಕನೆಯ ಸಂಪುಟಕ್ಕೆ ಪ್ರಬಂಧವನ್ನು ಬರೆದುಕೊಟ್ಟರು.

ಸತ್ಪ್ರರೂಪಣೆಯ ೯೩ನೆಯ ಸೂತ್ರದ 'ಸಂಜದ' ಪದದ ವಿಚಾರ ವಿದ್ವಾಂಸರಿಗೆ ಸುಪರಿಚಿತ. ಸಂಪಾದಕರ ಕೈಯಲ್ಲಿದ್ದ ಪ್ರತಿಗಳಲ್ಲಿ ಆ ಪದವಿರಲಿಲ್ಲ. ಪ್ರಕರಣವನ್ನೂ ಟೀಕೆಯ ಸ್ವಾರಸ್ಯವನ್ನೂ ನೋಡಿ ಅದು ಅಲ್ಲಿರಬೇಕೆಂದು ಅವರು ಟಿಪ್ಪಣಿಯಲ್ಲಿ ಸೂಚಿಸಿದರು. ಅನಂತರ ಮೂಡಬಿದ್ರೆಯ ತಾಡಪತ್ರವನ್ನು ನೋಡಿದಾಗ ಪದವು ದೊರೆಯಿತು. 'ಸಂಜದಾಸಂಜದ' ಎಂಬುದರ ಬೆನ್ನಿಗೇ 'ಸಂಜದ' ಬರುವುದರಿಂದ ಲಿಪಿಕಾರನ ದೃಷ್ಟಿ ಜಾರಿ ಒಂದು ಪದ ಬಿಟ್ಟುಹೋಗುವುದು ಸಹಜವೇ ಆಗಿದೆ. ಆ ಒಂದು ಪದದ ಮೇಲೆ ಎಂತಹ ತಾತ್ತ್ವಿಕ ಚರ್ಚೆ ನಡೆಯಿತೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಗಮನಿಸಬೇಕಾದುದು ಇಷ್ಟು: ಪದವನ್ನು ಊಹಿಸಿದವರ ಪಾಂಡಿತ್ಯ, ಪ್ರತಿಯನ್ನು ಕಾಪಾಡಿದವರ ಶ್ರದ್ಧೆ, ಎಲೆಯನ್ನು ಬಿಡಿಸಿ ಅಕ್ಷರವನ್ನು ಓದಿದವರ ಕಣ್ಣು ಈ ಮೂರೂ ಸೇರದಿದ್ದರೆ ಪಾಠ ನಿರ್ಣಯವಾಗುತ್ತಿರಲಿಲ್ಲ.

ಈಗ ಇದೇ ಕಾರ್ಯವನ್ನು ವಿಶ್ವವಿದ್ಯಾನಿಲಯ ಅನುದಾನ ಆಯೋಗದ ೨೦೧೮ರ ನಿಯಮಾವಳಿಯ ಸಂಶೋಧನಾಂಕ ಪಟ್ಟಿಯಿಂದ ಅಳೆಯೋಣವೆಂದರೆ ಫಲ ವಿಚಿತ್ರವಾಗಿದೆ. ಆ ಪಟ್ಟಿಯಲ್ಲಿ ಭಾಷೆ ಹಾಗೂ ಮಾನವಿಕಗಳ ಒಂದು ಸಂಶೋಧನ ಲೇಖನಕ್ಕೆ ೧೦ ಅಂಕ. ರಾಷ್ಟ್ರೀಯ ಪ್ರಕಾಶಕರ ಮೂಲಕ ಬಂದ ಗ್ರಂಥದ ಸಂಪಾದಕನಿಗೆ ೮ ಅಂಕ. ಹತ್ತು ಮಂದಿಯ ಲೇಖನಗಳನ್ನು ಒಟ್ಟುಗೂಡಿಸಿದವನೂ, ನಾಲ್ಕು ತಾಡಪತ್ರ ಪ್ರತಿಗಳನ್ನು ಅಕ್ಷರಶಃ ಹೋಲಿಸಿ ಪಾಠನಿರ್ಣಯ ಮಾಡಿದವನೂ ಅಲ್ಲಿ ಸಮಾನವಾಗಿ ಸಂಪಾದಕರೇ. ಇಬ್ಬರಿಗಿಂತ ಹೆಚ್ಚು ಮಂದಿ ಕೂಡಿ ಮಾಡಿದ ಕೃತಿಯಲ್ಲಿ ಪ್ರಧಾನ ಲೇಖಕನಿಗೆ ಅಂಕದ ಶೇಕಡಾ ೭೦, ಉಳಿದ ಪ್ರತಿಯೊಬ್ಬರಿಗೆ ಶೇಕಡಾ ೩೦. ಹೀಗೆ ಧವಲೆಯ ಒಂದು ಸಂಪುಟಕ್ಕೆ ಪ್ರಧಾನ ಸಂಪಾದಕರಿಗೆ ದೊರೆಯುವುದು ೫.೬ ಅಂಕ, ಒಬ್ಬೊಬ್ಬ ಪಂಡಿತರಿಗೆ ೨.೪, ಮೂಡಬಿದ್ರೆಯಲ್ಲಿ ಕುಳಿತು ತಾಡಪತ್ರದ ಪಾಠಗಳನ್ನು ತಾಳೆನೋಡಿ ಕಳುಹಿಸಿದವರಿಗೆ ಸೊನ್ನೆ. ಅದೇ ಸಂಪುಟವನ್ನು ಓದಿ ಒಬ್ಬರೇ ಎಂಟು ಪುಟದ ಲೇಖನ ಬರೆದರೆ ೧೦.

ಇದು ಕೇವಲ ವಿನೋದದ ಮಾತಾಗಿದ್ದರೆ ಬಿಟ್ಟುಬಿಡಬಹುದಾಗಿತ್ತು. ಬಡ್ತಿಯೂ ನೇಮಕವೂ ಇಂತಹ ಅಂಕಗಳನ್ನು ಅವಲಂಬಿಸಿದಾಗ ತರುಣ ವಿದ್ವಾಂಸನು ಏನು ಮಾಡಬೇಕು? ಹಳಗನ್ನಡ ಲಿಪಿಯನ್ನು ಕಲಿಯಲು ಒಂದು ವರ್ಷ, ಪ್ರಾಕೃತಕ್ಕೆ ಮೂರು ವರ್ಷ, ಪ್ರತಿಗಳ ಶೋಧಕ್ಕೆ ಎರಡು ವರ್ಷ, ಹೋಲಿಕೆಗೆ ನಾಲ್ಕು ವರ್ಷ ವ್ಯಯಮಾಡಿ ಎಂಟು ಅಂಕ ಪಡೆಯುವುದಕ್ಕಿಂತ, ಅಚ್ಚಾದ ಗ್ರಂಥಗಳ ಮೇಲೆ ವರ್ಷಕ್ಕೆ ಮೂರು ಲೇಖನ ಬರೆಯುವುದೇ ಅವನಿಗೆ ಹಿತವಾಗಿ ತೋರುತ್ತದೆ. ಅವನನ್ನು ದೂಷಿಸುವಂತಿಲ್ಲ. ಆದರೆ ಗೆದ್ದಲು ಅಂಕಪಟ್ಟಿಯನ್ನು ನೋಡಿಕೊಂಡು ಕಾಯುವುದಿಲ್ಲ. ಒಂದು ತಲೆಮಾರು ತಾಡಪತ್ರದ ಬಳಿಗೆ ಹೋಗದಿದ್ದರೆ, ಮುಂದಿನ ತಲೆಮಾರು ಹೋದಾಗ ಓದಬಲ್ಲ ಗುರುಗಳೂ ಇರುವುದಿಲ್ಲ, ಓದಿಸಿಕೊಳ್ಳುವ ಎಲೆಯೂ ಇರುವುದಿಲ್ಲ.

೪. ಸಂಪಾದಕನ ಹೆಸರೆಲ್ಲಿ?

ದೋಷವೆಲ್ಲವೂ ಹೊರಗಿನವರದೆಂದು ಹೇಳುವುದು ನ್ಯಾಯವಲ್ಲ. ಉಲ್ಲೇಖದ ವಿಷಯದಲ್ಲಿ ಈ ಕ್ಷೇತ್ರದ ವಿದ್ವಾಂಸರ ರೂಢಿಯೂ ವಿಮರ್ಶೆಗೆ ಅರ್ಹವಾಗಿದೆ.

ಧವಲೆಯಿಂದ ಒಂದು ವಾಕ್ಯವನ್ನು ಉದ್ಧರಿಸಿದವರು 'ಧವಲಾ, ಪುಸ್ತಕ ೩, ಪುಟ ಇಷ್ಟು' ಎಂದು ಬರೆಯುತ್ತಾರೆ. ಉಲ್ಲೇಖವು ವೀರಸೇನಾಚಾರ್ಯರಿಗೆ ಸಲ್ಲುತ್ತದೆ, ಅದು ಸರಿಯೇ. ಆದರೆ ಆ ವಾಕ್ಯವನ್ನು ಓದಬಹುದಾದ ರೂಪಕ್ಕೆ ತಂದವರ ಹೆಸರು ಎಲ್ಲಿಯೂ ಬರುವುದಿಲ್ಲ. ಎಣಿಸುವ ಯಂತ್ರಕ್ಕೆ ಅವರು ಇಲ್ಲದವರೇ. ಅಡಿಟಿಪ್ಪಣಿಯಲ್ಲಿ ಕೊಟ್ಟ ಪಾಠಾಂತರವನ್ನು ಮುದ್ರಿತ ಆವೃತ್ತಿಯಿಂದಲೇ ತೆಗೆದುಕೊಂಡು, ತಾವೇ ತಾಡಪತ್ರವನ್ನು ನೋಡಿದಂತೆ ಪ್ರತಿಯ ಸಂಕೇತಾಕ್ಷರವನ್ನು ಮಾತ್ರ ನಮೂದಿಸುವುದು ಇನ್ನೂ ಕೆಟ್ಟ ರೂಢಿ. 'ಉಕ್ತಂ ಚ' ಎಂದು ಹೇಳಿ ಕರ್ತೃವಿನ ಹೆಸರನ್ನು ಬಿಡುವುದು ಪ್ರಾಚೀನ ಟೀಕಾಕಾರರಿಗೆ ಒಪ್ಪುತ್ತಿತ್ತು. ಅವರ ಶ್ರೋತೃಗಳಿಗೆ ಮೂಲ ಕಂಠಸ್ಥವಾಗಿತ್ತು, ತಮ್ಮ ಹೆಸರಿನ ಮೇಲೆಯೂ ಅವರಿಗೆ ಅಷ್ಟೇ ಅನಾಸಕ್ತಿಯಿತ್ತು. ತನ್ನ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚುಮಾಡಿಸಿ ಪರರ ಹೆಸರಿಗೆ 'ಉಕ್ತಂ ಚ' ಎಂಬ ನ್ಯಾಯವನ್ನು ಅನ್ವಯಿಸುವುದು ಇಂದು ಅಚೌರ್ಯಕ್ಕೆ ಸಲ್ಲದ ವರ್ತನೆ.

ಗ್ರಂಥಸೂಚಿಗಳ ಗತಿಯೂ ಇದೇ. ಪ್ರೊ॥ ಹ. ದಾ. ವೇಲಣಕರರ ಜಿನರತ್ನಕೋಶ ೧೯೪೪ರಲ್ಲಿ ಪುಣೆಯ ಭಾಂಡಾರಕರ ಸಂಸ್ಥೆಯಿಂದ ಹೊರಬಂದಿತು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ ೧೯೪೮ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಮೂಡಬಿದ್ರೆ, ಕಾರ್ಕಳ ಮೊದಲಾದ ಕಡೆಗಳ ಭಂಡಾರಗಳಲ್ಲಿ ಏನಿದೆಯೆಂಬುದನ್ನು ಹೊರಗಿನ ಪ್ರಪಂಚ ಅರಿತುದು ಇಂತಹ ಸೂಚಿಗಳಿಂದ. ಪ್ರತಿಯನ್ನು ಅರಸುವವನು ಮೊದಲು ತೆರೆಯುವ ಗ್ರಂಥ ಇದು. ಪ್ರತಿ ದೊರೆತ ಮೇಲೆ ಮೊದಲು ಮರೆಯುವ ಗ್ರಂಥವೂ ಇದೇ. ದಾರಿ ತೋರಿಸಿದವನ ಹೆಸರು ಪ್ರಸ್ತಾವನೆಯಲ್ಲಿ ಒಂದು ಸಾಲಿನ ಕೃತಜ್ಞತೆಯಾಗಿ ಉಳಿದರೆ ಹೆಚ್ಚು.

ಸಂಸ್ಥೆಯ ವಿಳಾಸವನ್ನೂ ಸದಸ್ಯತ್ವವನ್ನೂ ಕೇಳುವ ಗಣನೆಗೆ ತ್ಯಾಗಿಗಳ ವಿದ್ವತ್ತು ಸಿಕ್ಕುವುದೇ ಇಲ್ಲ. ಮುನಿ ಜಂಬೂವಿಜಯರು ಮಲ್ಲವಾದಿಯ ದ್ವಾದಶಾರ ನಯಚಕ್ರವನ್ನು ಸಿಂಹಸೂರಿಯ ಟೀಕೆಯಿಂದ ಪುನರುದ್ಧರಿಸಿ ೧೯೬೬, ೧೯೭೬, ೧೯೮೮ರಲ್ಲಿ ಮೂರು ಭಾಗಗಳಾಗಿ ಭಾವನಗರದಿಂದ ಪ್ರಕಟಿಸಿದರು. ಅದಕ್ಕಾಗಿ ಟಿಬೆಟ್ ಭಾಷೆಯನ್ನು ಕಲಿತರು. ವಿಯೆನ್ನಾದ ಪ್ರೊ॥ ಫ್ರೌವಾಲ್ನರ್ ಮೊದಲ ಭಾಗಕ್ಕೆ ಪ್ರಸ್ತಾವನೆ ಬರೆದರು. ಪಾದವಿಹಾರಿಗಳಾದ ಮುನಿಗಳಿಗೂ ಯೂರೋಪಿನ ಪ್ರಾಧ್ಯಾಪಕರಿಗೂ ನಡೆದ ಈ ವಿದ್ಯಾವ್ಯವಹಾರ ಸಹಕಾರವಲ್ಲದಿದ್ದರೆ ಸಹಕಾರವೆಂಬ ಶಬ್ದಕ್ಕೆ ಅರ್ಥವೇನು?

೫. ಗಣನೆಯ ಪಕ್ಷದಲ್ಲಿ ಹೇಳಬೇಕಾದುದು

ಗಣನೆಯನ್ನು ಸಮರ್ಥಿಸುವವರ ವಾದದಲ್ಲಿ ಬಲವಿಲ್ಲದಿಲ್ಲ. ಅಂಕಗಳಿಲ್ಲದ ಕಾಲದಲ್ಲಿ ಯೋಗ್ಯತೆಯೇ ಗೆಲ್ಲುತ್ತಿತ್ತೆಂದು ಹೇಳಲಾಗದು. ಗುರುಗಳ ಶಿಫಾರಸು, ಪರಿಚಯದ ಬಲ, ಸ್ಥಳೀಯ ಪ್ರಭಾವಗಳಿಂದ ಸ್ಥಾನ ಪಡೆದವರೂ ಉಂಟು; ಅವು ಇಲ್ಲದ್ದರಿಂದ ಮೂಲೆಗುಂಪಾದವರೂ ಉಂಟು. ಹತ್ತು ವರ್ಷ ಏನನ್ನೂ ಬರೆಯದವನು 'ಆಳವಾದ ಅಧ್ಯಯನದಲ್ಲಿ ತೊಡಗಿದ್ದಾರೆ' ಎಂಬ ಮಾತಿನ ಮರೆಯಲ್ಲಿ ಉಳಿದುಕೊಳ್ಳಬಹುದಾಗಿತ್ತು. ಆಶ್ರಯದಾತರಿಲ್ಲದ ತರುಣನಿಗೆ, ತಾನು ಮಾಡಿದ್ದೇನೆಂಬುದನ್ನು ಸಂಖ್ಯೆಯಲ್ಲಿ ತೋರಿಸಲು ಸಾಧ್ಯವಾದುದು ಒಂದು ರಕ್ಷಣೆಯೇ ಸರಿ. ಸಂಖ್ಯೆಯು ಪಕ್ಷಪಾತವನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆಂಬುದನ್ನು ಒಪ್ಪಬೇಕು.

ಆದರೆ ಸಂಖ್ಯೆಯನ್ನು ತಯಾರಿಸುವುದೂ ಸಾಧ್ಯ. ಲಿಪಿಕಾರರು ಅನೇಕ ವೇಳೆ ತಮ್ಮ ಮುಂದಿನ ಮಾತೃಕೆಯಲ್ಲಿದ್ದ ಗ್ರಂಥಾಗ್ರವನ್ನೇ ಎಣಿಸದೆ ನಕಲುಮಾಡಿರುವುದರಿಂದ, ಪ್ರತಿಯಲ್ಲಿ ಎಲೆಗಳು ಲುಪ್ತವಾಗಿದ್ದರೂ ಕೊನೆಯ ಸಂಖ್ಯೆ ಪೂರ್ಣವಾಗಿಯೇ ಇರುತ್ತದೆ. ಇಂದು ಪರಸ್ಪರ ಉಲ್ಲೇಖಿಸಿಕೊಳ್ಳುವ ಕೂಟಗಳೂ, ತನ್ನನ್ನು ತಾನೇ ಉದ್ಧರಿಸಿಕೊಳ್ಳುವ ಚಾಳಿಯೂ, ಹಣಕ್ಕೆ ಲೇಖನ ಅಚ್ಚುಹಾಕುವ ಪತ್ರಿಕೆಗಳೂ ಅದೇ ಕೆಲಸವನ್ನು ಮಾಡುತ್ತಿವೆ. ಅಂತಹ ಪತ್ರಿಕೆಗಳ ಹಾವಳಿಯನ್ನು ತಡೆಯಲು ಅನುದಾನ ಆಯೋಗವು ೨೦೧೮ರಲ್ಲಿ ಕೇರ್ ಎಂಬ ಮಾನ್ಯ ಪತ್ರಿಕೆಗಳ ಪಟ್ಟಿಯ ವ್ಯವಸ್ಥೆಯನ್ನು ತಂದು, ೨೦೨೫ರಲ್ಲಿ ಅದನ್ನು ಕೈಬಿಟ್ಟಿತು. ಪಟ್ಟಿಯಿಂದ ಗುಣವನ್ನು ಕಾಯುವುದು ಎಷ್ಟು ಕಠಿನವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಪಾಶ್ಚಾತ್ಯ ವಿದ್ವಾಂಸರಲ್ಲಿಯೂ ಈ ವಿವೇಕ ಮೂಡಿದೆ. ೨೦೧೨ರಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡ ಘೋಷಣೆಯು, ಪತ್ರಿಕೆಯ ಪ್ರಭಾವಾಂಕದಿಂದ ಲೇಖಕನ ಯೋಗ್ಯತೆಯನ್ನು ನಿರ್ಣಯಿಸಕೂಡದೆಂದು ಹೇಳಿತು. ೨೦೧೫ರ ಲೈಡನ್ ಪ್ರಣಾಳಿಕೆಯ ಹತ್ತು ಸೂತ್ರಗಳಲ್ಲಿ, ಆಯಾ ಪ್ರದೇಶಕ್ಕೆ ಸಂಬಂಧಿಸಿದ ಉತ್ತಮ ಸಂಶೋಧನೆಯನ್ನು ರಕ್ಷಿಸಬೇಕೆಂಬುದೂ, ವ್ಯಕ್ತಿಯ ಸಮಗ್ರ ಕಾರ್ಯವನ್ನು ಓದಿ ತೀರ್ಮಾನಿಸಬೇಕೆಂಬುದೂ ಸೇರಿವೆ. ಇಂಗ್ಲಿಷಿನಲ್ಲಿ ಬರೆದವರ ಕಡೆಗೆ ಗಣನೆಯು ವಾಲುತ್ತದೆಂಬುದನ್ನೂ ಅದು ಒಪ್ಪಿಕೊಂಡಿದೆ. ಹಿಂದಿಯ ಅನುವಾದದೊಡನೆ ಬಂದ ಧವಲೆಯೂ, ಕನ್ನಡದ ಪ್ರಸ್ತಾವನೆಗಳೂ, ಸಂಸ್ಕೃತದಲ್ಲಿ ಬರೆದ ಟಿಪ್ಪಣಿಗಳೂ ಈ ವಾಲುವಿಕೆಯಿಂದ ಎಷ್ಟು ನಷ್ಟಪಟ್ಟಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

೬. ನಾಲ್ಕು ಪ್ರಮಾಣಗಳು

ಅಳತೆಯ ವಿಚಾರದಲ್ಲಿ ಷಟ್ಖಂಡಾಗಮದ ದ್ರವ್ಯಪ್ರಮಾಣಾನುಗಮವೇ ಮಾರ್ಗದರ್ಶಕವಾಗಬಲ್ಲುದು. ಜೀವರಾಶಿಯನ್ನು ಅಲ್ಲಿ ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕು ಪ್ರಮಾಣಗಳಿಂದ ನಿರೂಪಿಸಲಾಗಿದೆ. ಮೊದಲ ಮೂರರ ಅಧಿಗಮವೇ, ಅಂದರೆ ಅವುಗಳ ಸಮ್ಯಕ್ ಜ್ಞಾನವೇ, ಭಾವಪ್ರಮಾಣವೆಂದು ಸೂತ್ರಕಾರರ ಅಭಿಪ್ರಾಯ. ಎಣಿಕೆಗೆ ಅಲ್ಲಿ ಗೌರವವಿದೆ, ಎಣಿಕೆಯೊಂದರಲ್ಲಿಯೇ ನಿಂತುಬಿಡುವುದಿಲ್ಲ.

ವಿದ್ವತ್ಕಾರ್ಯಕ್ಕೂ ಇದನ್ನು ಅನ್ವಯಿಸಬಹುದು. ದ್ರವ್ಯದಿಂದ ಕೇಳಬೇಕಾದುದು: ಎಷ್ಟು ಪ್ರತಿಗಳನ್ನು ಪ್ರತ್ಯಕ್ಷ ನೋಡಲಾಗಿದೆ? ಯಾವುದನ್ನು ಆದ್ಯಂತ ಹೋಲಿಸಲಾಗಿದೆ, ಯಾವುದನ್ನು ಅಲ್ಲಲ್ಲಿ ಮಾತ್ರ? ಎಷ್ಟು ಪಾಠಾಂತರಗಳು ದಾಖಲಾಗಿವೆ? ಕ್ಷೇತ್ರದಿಂದ ಕೇಳಬೇಕಾದುದು: ಕಾರ್ಯವು ಯಾವ ಭಾಷೆ, ಲಿಪಿ, ಭಂಡಾರಗಳಿಗೆ ಸಂಬಂಧಿಸಿದ್ದು? ಅದನ್ನು ಮಾಡಬಲ್ಲವರು ದೇಶದಲ್ಲಿ ಎಷ್ಟು ಮಂದಿ? ಐದೇ ಮಂದಿ ಓದಬಲ್ಲ ವಿಷಯದಲ್ಲಿ ಐವತ್ತು ಉಲ್ಲೇಖಗಳನ್ನು ನಿರೀಕ್ಷಿಸುವುದು ಯುಕ್ತವಲ್ಲ. ಕಾಲದಿಂದ ಕೇಳಬೇಕಾದುದು: ಆವೃತ್ತಿಯು ಎಷ್ಟು ಕಾಲ ಉಪಯೋಗದಲ್ಲಿದೆ? ಪತ್ರಿಕೆಗಳ ಪ್ರಭಾವಾಂಕವನ್ನು ಸಾಮಾನ್ಯವಾಗಿ ಹಿಂದಿನ ಎರಡು ವರ್ಷಗಳ ಲೇಖನಗಳ ಮೇಲೆ ಲೆಕ್ಕಹಾಕುತ್ತಾರೆ. ೧೯೩೮ರ ವರಾಂಗಚರಿತವೂ ೧೯೩೯ರ ಧವಲೆಯೂ ಎಂಟು ದಶಕಗಳನ್ನು ಮೀರಿ ಆಧಾರಗ್ರಂಥಗಳಾಗಿ ನಿಂತಿವೆ. ಈ ಮೂರನ್ನೂ ಅರಿತು, ಗ್ರಂಥವನ್ನು ತೆರೆದು, ಪ್ರಸ್ತಾವನೆಯನ್ನೂ ಕೆಲವು ಪುಟಗಳ ಪಾಠನಿರ್ಣಯವನ್ನೂ ಓದಿ ಹೇಳುವ ತೀರ್ಪು ಭಾವಪ್ರಮಾಣಕ್ಕೆ ಸಮಾನವಾದುದು. ಅದನ್ನು ಓದಬಲ್ಲವನೇ ಹೇಳಬೇಕು. ಓದದವನ ಪರವಾಗಿ ಸಂಖ್ಯೆ ಹೇಳಲಾರದು.

ಆಯ್ಕೆ ಸಮಿತಿಗಳು ಇದನ್ನು ಒಪ್ಪಬೇಕಾದರೆ ಸಂಪಾದಕರೂ ಪ್ರಕಾಶಕ ಸಂಸ್ಥೆಗಳೂ ತಮ್ಮ ಪಾಲಿನದನ್ನು ಮಾಡಬೇಕು. ಲಿಪ್ಯಂತರ, ಪ್ರತಿಹೋಲಿಕೆ, ಪಾಠನಿರ್ಣಯ, ಅನುವಾದ, ಪದಸೂಚಿ ಇವುಗಳಲ್ಲಿ ಯಾವುದನ್ನು ಯಾರು ಮಾಡಿದರೆಂಬುದನ್ನು ಮುಖಪುಟದ ಹಿಂಬದಿಯಲ್ಲಿಯೇ ಹೆಸರಿನೊಡನೆ ನಮೂದಿಸಬೇಕು. ಆಗಮಗ್ರಂಥವನ್ನು ಉಲ್ಲೇಖಿಸುವಾಗ ಮೊದಲ ಸಲವಾದರೂ ಆವೃತ್ತಿಯ ಸಂಪಾದಕರ ಹೆಸರನ್ನೂ ವರ್ಷವನ್ನೂ ಹೇಳಬೇಕು. ಪ್ರತಿಯನ್ನು ಸ್ವತಃ ನೋಡಿದವರು ಹಾಗೆಂದೂ, ಮುದ್ರಿತ ಟಿಪ್ಪಣಿಯಿಂದ ತಿಳಿದವರು ಹಾಗೆಂದೂ ಬರೆಯಬೇಕು. ಗ್ರಂಥಸೂಚಿಯ ಮೂಲಕ ಪ್ರತಿಯ ಸುಳಿವು ದೊರೆತಿದ್ದರೆ ಅದನ್ನು ಆಧಾರಗಳಲ್ಲಿ ಸೇರಿಸಬೇಕು. ಖಂಡಿಸುವುದಕ್ಕಾಗಿ ಉದ್ಧರಿಸಿದ್ದನ್ನು ಖಂಡನೆಯೆಂದೇ ಗುರುತಿಸಬೇಕು. ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಆದೇಶ ಬೇಕಾಗಿಲ್ಲ.

ಉಲ್ಲೇಖಗಣನೆಯು ಒಂದು ನಯ. ತನ್ನ ವಿಷಯದಲ್ಲಿ ಅದು ಸತ್ಯವನ್ನೇ ಹೇಳುತ್ತದೆ: ಇಂತಹ ಪಟ್ಟಿಯೊಳಗಿನ ಇಷ್ಟು ಬರಹಗಳಲ್ಲಿ ಇಂತಹವನ ಹೆಸರು ಇಷ್ಟು ಬಾರಿ ಬಂದಿದೆ, ಅಷ್ಟೆ. ಇತರ ನಯಗಳನ್ನು ನಿರಾಕರಿಸಿ ತಾನೇ ಪೂರ್ಣವೆಂದು ನಿಂತಾಗ ಅದು ದುರ್ನಯವಾಗುತ್ತದೆ. ಗ್ರಂಥಾಗ್ರವನ್ನು ಲಿಪಿಕಾರನ ಕೂಲಿಗೆ ಬಳಸಿ, ಗ್ರಂಥದ ಯೋಗ್ಯತೆಯನ್ನು ಓದಿ ತಿಳಿಯುವುದು ಪೂರ್ವಾಚಾರ್ಯರ ಕ್ರಮವಾಗಿತ್ತು. ಭಂಡಾರಗಳಲ್ಲಿ ಇನ್ನೂ ಬಿಚ್ಚದ ಕಟ್ಟುಗಳಿವೆ. ಅವುಗಳ ಮುಂದೆ ಕುಳಿತುಕೊಳ್ಳುವ ತರುಣನಿಗೆ ಅವನ ಪರಿಶ್ರಮವನ್ನು ಓದಿ ನೋಡುವವರು ಇದ್ದಾರೆಂಬ ಭರವಸೆಯನ್ನು ಕೊಡುವುದು ವಿದ್ವತ್ಸಂಸ್ಥೆಗಳ ಕರ್ತವ್ಯವಾಗಿದೆ.